ನಮ್ಮ ಶಾಕಾಹಾರ ಆ ಮರಿ ಮ್ಯಾಲೆ ಹೇರಬ್ಯಾಡ್ರಿ

ಸಿಡ್ನಿಯೊಳಗ ನಮ್ಮ ಕಡೆ ಮಂದಿ ಮನಿಗೆ ಹೋದ್ರ ಈಗ ಹಾಲ್‌ನ್ಯಾಗ ಟಿವಿ ಬಾಜೂಕ ಒಂದು ಗಾಜಿನ ಪೆಟ್ಟಿಗಿ ಕಾಣ್ತೈತಿ. ಒಳಗ ಬಿಯರ್ಡೆಡ್ ಡ್ರ್ಯಾಗನ್ ಮರಿ. ಬೊಗಳಂಗಿಲ್ಲ, ಕೂದಲಾ ಉದುರಂಗಿಲ್ಲ, ವಾಕಿಂಗ್ ಕರಕೊಂಡು ಹೋಗೋ ಕೆಲಸಿಲ್ಲ. ಹುಡುಗ್ರು ಹಟ ಹಿಡೀತಾವ, ಅಪ್ಪ ತಂದುಕೊಡ್ತಾನ. ಇದಕ್ಕ ನನ್ನ ತಕರಾರಿಲ್ಲ, ನಮ್ಮ ಮನ್ಯಾಗೂ ಒಂದೈತಿ. ತಕರಾರು ಇರೋದು ಒಂದು ಮಾತಿನ ಮ್ಯಾಲೆ: "ನಾವು ಪೂರಾ ಶಾಕಾಹಾರಿ ಅಲ್ರಿ, ಅದಕ್ಕೂ ತಪ್ಪಲಾನ ಹಾಕ್ತೀವಿ."

ಹಂಗ ಮಾಡಬ್ಯಾಡ್ರಿ. ಮನ್ಯಾಗ ಜೀವಂತ ಹುಳ ಇಟ್ಕೊಳ್ಳಾಕ ಮನಸ್ಸು ಒಪ್ಪಲಿಲ್ಲಂದ್ರ ಈ ಮರೀನ್ನ ತರಲೇಬ್ಯಾಡ್ರಿ. ನಾ ಹೇಳೋದು ಇಷ್ಟ. ಯಾಕಂತ ಕೇಳ್ರಿ.

ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ಭೂಮಿಯ ಪ್ರಾಣಿ, ನಮ್ಮ ಹೊಲದ ಬದುವಿನ ಮ್ಯಾಲೆ ತಲಿ ಆಡಿಸ್ಕೋತ ಕೂಡೋ ಓತಿಕ್ಯಾತದ ಬಳಗ. ಸಿಟ್ಟು ಬಂದ್ರ, ಅಂಜಿದ್ರ ಗದ್ದದ ಕೆಳಗಿನ ಚರ್ಮ ಉಬ್ಬಿಸಿ ಕರ್ರಗ ಮಾಡ್ಕೊಂತೈತಿ, ಅದ ಅದರ ಗಡ್ಡ. ಇಲ್ಲಿ ನ್ಯೂ ಸೌತ್ ವೇಲ್ಸ್‌ನ್ಯಾಗ ಸಾಕಬೇಕಂದ್ರ ಪರವಾನಗಿ ತಗೋಬೇಕು, ಕಾಡಿನಾಗಿಂದ ಹಿಡ್ಕೊಂಡು ಬರಂಗಿಲ್ಲ. ತತ್ತಿಯಿಂದ ಹೊರಗ ಬಂದಾಗ ಬಾಲ ಸೇರಿ 10 ಸೆಂಟಿಮೀಟರ್ ಆಸುಪಾಸು ಇರ್ತೈತಿ. ದೊಡ್ಡದಾದ್ರ 45ರಿಂದ 60 ಸೆಂಟಿಮೀಟರ್. ಈ ಬೆಳವಣಿಗಿ ಬಹುಪಾಲು ಮೊದಲನೇ ವರ್ಷದಾಗ ಮುಗೀತೈತಿ. ಅಷ್ಟು ಜಲ್ದಿ ಬೆಳಿಯೋ ಮೈಗೆ ತಪ್ಪಲ ಸಾಲಂಗಿಲ್ರಿ.

ಹಂಗಾಗಿ ಮರಿ ಊಟದಾಗ ಮುಕ್ಕಾಲು ಪಾಲು ಹುಳ, ಕಾಲು ಪಾಲು ತಪ್ಪಲ. ದೊಡ್ಡದಾದ ಮ್ಯಾಲೆ ಈ ಲೆಕ್ಕ ಉಲ್ಟಾ ಆಗ್ತೈತಿ. ಇಲ್ಲಿ ಅಂಗಡ್ಯಾಗ ಕ್ರಿಕೆಟ್ ಹುಳ, ವುಡೀಸ್ ಅನ್ನೋ ಸಣ್ಣ ಜಿರಳಿ, ರೇಷ್ಮಿ ಹುಳ ಸಿಗ್ತಾವ. ಹುಳದ ಗಾತ್ರ ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಮೊದಲ ಮೂರ್ನಾಲ್ಕು ತಿಂಗಳು ದಿನಕ್ಕ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಾಗ ತಿನ್ನೋವಷ್ಟು ಹಾಕಬೇಕು. ಉಳಿದಿದ್ದನ್ನ ಎತ್ತಿಬಿಡಬೇಕು, ಇಲ್ಲಂದ್ರ ರಾತ್ರಿ ಆ ಹುಳಾನ ಮರೀನ್ನ ಕಚ್ಚತಾವ. ಹಿತ್ತಲದಾಗಿನ ಹುಳ ಹಿಡಿದು ಹಾಕಬ್ಯಾಡ್ರಿ. ಬಾಜೂ ಮನಿಯವ್ರು ಗಿಡಕ್ಕ ಏನು ಔಷಧ ಹೊಡದಾರೋ ಯಾರಿಗೆ ಗೊತ್ತು?

ಹುಳ ತಂದು ಒಗೆದ್ರ ಕೆಲಸ ಮುಗೀತಂತನೂ ಅಲ್ಲ. ಆ ಹುಳಕ್ಕೂ ಒಂದು ದಿನ ಮುಂಚೆ ಗಜ್ಜರಿ, ತಪ್ಪಲ ತಿನ್ನಿಸಿ ಹೊಟ್ಟಿ ತುಂಬಿಸಬೇಕು, ಹಸಿದ ಹುಳದಾಗ ಸತ್ವ ಇರಂಗಿಲ್ಲ. ಊಟದಾಗ ಒಂದು ಪಾಲು ಫಾಸ್ಫರಸ್ ಇದ್ರ ಎರಡು ಪಾಲು ಕ್ಯಾಲ್ಸಿಯಂ ಬೇಕು. ಕ್ರಿಕೆಟ್ ಹುಳದಾಗ ಫಾಸ್ಫರಸ್ಸ ಹೆಚ್ಚು, ಕ್ಯಾಲ್ಸಿಯಂ ಕಡಿಮಿ. ಅದಕ್ಕ ಹುಳಗಳನ್ನ ಒಂದು ಡಬ್ಬಿಯಾಗ ಹಾಕಿ, ಕ್ಯಾಲ್ಸಿಯಂ ಪುಡಿ ಉದುರಿಸಿ, ಉಂಡಿಗೆ ಹಿಟ್ಟು ಹಚ್ಚಿದಂಗ ಅಲ್ಲಾಡಿಸಿ ಕೊಡಬೇಕು.

ಕಾಲು ಪಾಲು ತಪ್ಪಲದಾಗೂ ನಮ್ಮ ಅಡಿಗಿಮನಿ ಬುದ್ಧಿ ನಡಿಯಂಗಿಲ್ಲ. ಪಾಲಕ ಛಲೋ ಅಂತ ನಮ್ಮ ಹುಡುಗ್ರಿಗೆ ತಿನ್ನಿಸ್ತೀವಿ, ಆದ್ರ ಪಾಲಕದಾಗಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಕೊಂಡು ಮೈಗೆ ಹತ್ತಗೊಡಂಗಿಲ್ಲ. ದಿನಾ ಹಾಕೋ ತಪ್ಪಲ ಅಲ್ಲ ಅದು. ಬಾಕ್ ಚಾಯ್, ಎಂಡೈವ್, ಹೆರೆದ ಕುಂಬಳಕಾಯಿ, ಔಷಧ ಹೊಡಿಯದ ದಾಸವಾಳದ ಹೂವು ನಡೀತಾವ. ಉಳ್ಳಾಗಡ್ಡಿ, ಅವಕಾಡೊ ಬ್ಯಾಡ. ಅನ್ನ, ಮೊಸರು, ರೊಟ್ಟಿ ತುಣುಕು ಅಂತೂ ಪ್ರೀತಿಗೂ ಹಾಕಬ್ಯಾಡ್ರಿ. "ಪಾಪ, ಏನೂ ತಿಂದಿಲ್ಲ" ಅಂತ ಬಾಯಿಗೆ ತುರುಕೋ ನಮ್ಮ ಚಟ ಇದರ ಮುಂದ ಬಿಡಬೇಕು.

ಇನ್ನ ದೀಪದ ಮಾತು. ದೀಪಾನೂ ಊಟದ ಒಂದು ಭಾಗ ಅಂತ ತಿಳ್ಕೊಳ್ರಿ. ಯುವಿಬಿ ಬೆಳಕು ಮೈಮ್ಯಾಲೆ ಬಿದ್ರ ಅದರ ಚರ್ಮದಾಗ ವಿಟಮಿನ್ ಡಿ3 ತಯಾರಾಗ್ತೈತಿ. ಅದಿಲ್ಲಂದ್ರ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದ್ರೂ ವ್ಯರ್ಥ. ಕಿಡಕಿ ಹತ್ರ ಇಟ್ಟೀವಿ, ಬಿಸಿಲು ಬೀಳ್ತೈತಿ ಅಂತಾರ. ಗಾಜು ಯುವಿಬಿ ತಡೀತೈತ್ರಿ, ಒಳಗ ಬರೋದು ಬರೇ ಬೆಳಕು. ಟ್ಯೂಬ್ ಉರಿಯೋದು ಕಂಡ್ರೂ ಅದರೊಳಗಿನ ಯುವಿಬಿ ತಿಂಗಳು ಕಳದಂಗ ಕ್ಷೀಣಿಸ್ತೈತಿ, ಆರು ತಿಂಗಳಿಂದ ವರ್ಷದೊಳಗ ಬದಲಿಸಬೇಕು. ಮೈ ಕಾಯಿಸ್ಕೊಳ್ಳೋ ಜಾಗ 40 ಡಿಗ್ರಿ ಆಸುಪಾಸು, ಇನ್ನೊಂದು ತುದಿ ತಂಪು ಇರಬೇಕು. ಕಾವು ಇಲ್ದ ತಿಂದದ್ದು ಜೀರ್ಣ ಆಗಂಗಿಲ್ಲ. ಹಂಗಂತನ ದೀಪ ಆರಿಸೋ ಹೊತ್ತಿಗೆ ಊಟ ಹಾಕಬಾರದು. ಮರಿ ತಂದ ರೊಕ್ಕಕ್ಕಿಂತ ಪೆಟ್ಟಿಗಿ, ದೀಪ, ಥರ್ಮೋಸ್ಟಾಟಿನ ರೊಕ್ಕಾನ ಹೆಚ್ಚಾಗ್ತೈತಿ. "ಭಾಳ ಸುಲಭ ಐತ್ರಿ" ಅಂತ ಮಾರೋನು ಹೇಳ್ತಾನ, ಹೌದಂತ ಅವನ ವಿಡಿಯೊನ ಹೇಳ್ತೈತಿ. ಓತಿಕ್ಯಾತಕ್ಕ ಬೇಲಿಗೂಟ ಸಾಕ್ಷಿ.

ಬರೇ ತಪ್ಪಲದ ಮ್ಯಾಲೆ ಇಟ್ರ ಏನಾಗ್ತೈತಿ? ಪರಿಚಯದವರ ಮನ್ಯಾಗ ನೋಡೀನಿ. ಆರು ತಿಂಗಳ ಮರಿ ಅಂಗೈಯಷ್ಟ ಉಳಿದಿತ್ತು. ಮೈಯಾಗಿನ ಎಲುಬಿನ ಕ್ಯಾಲ್ಸಿಯಂ ಕರಗಿ ದವಡಿ ಮೆತ್ತಗಾಗಿತ್ತು, ಮುಂಗಾಲು ಬಾಗಿದ್ವು, ಎದಿ ಎತ್ತಿ ನಡಿಯಾಕ ಆಗದ ಹೊಟ್ಟಿ ಮ್ಯಾಲೆ ತೆವಳ್ತಿತ್ತು, ಬೆರಳು ಅದುರ್ತಿದ್ವು. ಡಾಕ್ಟರ್ ಔಷಧ ಕೊಟ್ರು, ಮರಿ ಬದುಕಿತು. ಬಾಗಿದ ಕಾಲು ನೆಟ್ಟಗಾಗಲಿಲ್ಲ. ಆ ಮನಿಯವ್ರು ಕೆಟ್ಟ ಮಂದಿ ಅಲ್ಲ, ಇರಬಿ ತುಳಿಯಾಕೂ ಹಿಂದ ಮುಂದ ನೋಡೋರು. ಅದಕ್ಕ ನನಗ ಹೆಚ್ಚು ಸಂಕಟ ಆಗಿದ್ದು.

ಪಾಪದ ಪ್ರಶ್ನಿ ಸಣ್ಣದಂತ ನಾ ಅನ್ನಂಗಿಲ್ಲ. ನಮ್ಮ ಅತ್ತಿಯವ್ರು ಧಾರವಾಡದಿಂದ ಬಂದಾಗ ಮೊಮ್ಮಗನ್ನ ಕೇಳಿದ್ರು: "ಏನೋ ತಮ್ಮಾ, ದಿನಾ ಇಷ್ಟು ಜೀವ ತಗೀತೀಯಲ್ಲೋ?"

"ಅಜ್ಜಿ, ನಿಮ್ಮನಿ ಹಲ್ಲಿ ಏನು ತಿಂತೈತಿ?"

"ಅದು ತಾನ ಹಿಡ್ಕೊಂಡು ತಿಂತೈತೋ. ಇದಕ್ಕ ನೀ ತಂದು ಕೊಡ್ತಿ."

ಅವರು ಹೇಳಿದ್ದು ಖರೇನ. ಹಲ್ಲಿ ತಿಂದ ಹುಳದ ಲೆಕ್ಕ ನಮ್ಮ ಖಾತೆಗೆ ಬರಂಗಿಲ್ಲ, ಡಬ್ಬಿಯಿಂದ ನಾವು ಸುರುವಿದ ಹುಳದ ಲೆಕ್ಕ ಬರ್ತೈತಿ. ಆದ್ರ ಈ ಲೆಕ್ಕ ಹಾಕೋ ಹೊತ್ತು ಮರಿ ತರೋಕಿಂತ ಮುಂಚೆ. ತಂದ ಮ್ಯಾಲೆ ಹುಳಾನ ಉಳಿಸಾಕ ಹೋಗಿ ಮರೀನ್ನ ಉಪವಾಸ ಕೆಡವಿದ್ರ ಅದು ಅಹಿಂಸಾ ಅಲ್ಲ. ನಾವು ಮಾಂಸ ಬಿಟ್ಟಿದ್ದು ನಮ್ಮ ಆಯ್ಕಿ, ಜೋಳ, ಬ್ಯಾಳಿ, ಹಾಲಿನ ಮ್ಯಾಲೆ ನಮ್ಮ ಮೈ ನಡೀತೈತಿ. ಆ ಪ್ರಾಣಿಗೆ ಆ ಆಯ್ಕಿ ಇಲ್ಲ. ವ್ರತ ಹಿಡಿಯೋರು ತಮ್ಮ ಹೊಟ್ಟಿ ಮ್ಯಾಲೆ ಹಿಡೀಬೇಕು, ಪೆಟ್ಟಿಗಿಯೊಳಗ ಕುಂತದ್ದರ ಹೊಟ್ಟಿ ಮ್ಯಾಲೆ ಅಲ್ಲ.

"ಹಂಗಾರ ದೊಡ್ಡದನ್ನ ತರ್ತೀವಿ, ಅದು ತಪ್ಪಲ ತಿಂತೈತಲ್ಲ?" ಅಂತ ಕೇಳೋರದಾರ. ಮರಿಗಿಂತ ಅದು ವಾಸಿ, ಆದ್ರ ಅದಕ್ಕೂ ವಾರದಾಗ ಕೆಲವು ಸಲ ಹುಳ ಬೇಕು. ಹುಳದ ಡಬ್ಬಿ ಪೂರಾ ತಪ್ಪಂಗಿಲ್ಲ. ನಾವು ಅದನ್ನ ಗ್ಯಾರೇಜಿನಾಗ ಇಡ್ತೀವಿ. ವಾಸನಿ ಬರ್ತೈತಿ, ರಾತ್ರಿ ಕಿರಿಗುಡ್ತಾವ, ಒಂದೊಂದು ತಪ್ಪಿಸ್ಕೊಂಡು ಮನಿ ಸೇರ್ತಾವ. ಒಪ್ಪಿ ತಂದೀವಿ, ನಡಸ್ತೀವಿ.

ಇನ್ನೊಂದು ಮಾತು ತಾಯಂದಿರಿಗೆ. ಇದರ ಆಯುಷ್ಯ 10 ವರ್ಷ, ಛಲೋ ನೋಡ್ಕೊಂಡ್ರ ಇನ್ನೂ ಹೆಚ್ಚು. ಇವತ್ತು ಹಟ ಮಾಡಿದ ಹುಡುಗ ಯುನಿವರ್ಸಿಟಿಗೆ ಹೋಗ್ತಾನ, ಕ್ರಿಕೆಟ್ ಹುಳಕ್ಕ ಗಜ್ಜರಿ ಹೆಚ್ಚೋದು ನಿಮ್ಮ ಪಾಲಿಗೆ ಬರ್ತೈತಿ. ಇವುಗಳ ಮೈಮ್ಯಾಲೆ ಸಾಲ್ಮೊನೆಲ್ಲಾ ಇರ್ತೈತಿ. ಮುಟ್ಟಿದ ಮ್ಯಾಲೆ ಸಾಬೂನು ಹಚ್ಚಿ ಕೈ ತೊಳೀಬೇಕು, ಅದರ ಬಟ್ಟಲಾ ಅಡಿಗಿಮನಿ ಸಿಂಕಿನಾಗ ತೊಳೀಬಾರದು, ಐದು ವರ್ಷದೊಳಗಿನ ಕೂಸುಗಳ ಕೈಗೆ ಕೊಡಬಾರದು. ಎರಡು ಮರಿ ಜೋಡಿಯಾಗಿ ಒಂದ ಪೆಟ್ಟಿಗ್ಯಾಗ ಇಡಬ್ಯಾಡ್ರಿ, ಒಂದರ ಬಾಲ, ಬೆರಳು ಇನ್ನೊಂದು ಕಡೀತೈತಿ. ಹಲ್ಲಿ ಬಾಲದಂಗ ಇದರ ಬಾಲ ಮತ್ತ ಬೆಳಿಯಂಗಿಲ್ಲ.

ಹುಡುಗ್ರಿಗೆ ಪ್ರಾಣಿ ಬೇಕ ಬೇಕು, ಮನ್ಯಾಗ ಹುಳ ಬ್ಯಾಡ ಅಂದ್ರ ಗಿನಿ ಪಿಗ್ ಐತಿ, ಮೊಲ ಐತಿ. ಹುಲ್ಲು, ತಪ್ಪಲ ತಿಂದು ಸುಖದಿಂದ ಇರ್ತಾವ, ನಿಮ್ಮ ಮನಸ್ಸೂ ಹಗುರ. ಡ್ರ್ಯಾಗನ್ನ ಬೇಕಂದ್ರ ಮೊದಲು ಪೆಟ್ಟಿಗಿ, ದೀಪ ತಂದು ಹಚ್ಚಿ ಕಾವು ಅಳೀರಿ. ಆಮ್ಯಾಲೆ ಒಂದು ಡಬ್ಬಿ ಕ್ರಿಕೆಟ್ ಹುಳ ತಂದು ಒಂದು ವಾರ ಮನ್ಯಾಗ ಸಾಕಿ ನೋಡ್ರಿ. ಆ ಒಂದು ವಾರ ಮನಿಮಂದಿ ಎಲ್ಲಾರೂ ಸುಮ್ಮನಿದ್ರ ಮರಿ ತರ್ರಿ. ಯಾರಾದ್ರೂ ಒಬ್ಬರು ಮುಖ ಸಿಂಡರಿಸಿದ್ರ ಡಬ್ಬಿ ಅಂಗಡಿಗೆ ತಿರುಗಿ ಕೊಟ್ಟು ಬರ್ರಿ, ಅಷ್ಟಕ್ಕ ಮುಗೀತು.