ನೆರೆ ಸಂತ್ರಸ್ತರಿಗೆ ಗ್ರಂಥಾಲಯವೂ ಒಂದು ಚಿಕಿತ್ಸೆ

ನೆರೆ ಬಂದಾಗ ನಮ್ಮ ಗಮನವೆಲ್ಲ ಅನ್ನ, ಬಟ್ಟೆ, ಔಷಧಿಯ ಕಡೆಗೆ ಹರಿಯುತ್ತದೆ. ಅದು ಸರಿಯೇ. ಆದರೆ ನಾಲ್ಕಾರು ದಿನ ಕಳೆದ ಮೇಲೆ ಗಂಜಿ ಕೇಂದ್ರದಲ್ಲಿ ಬೇರೆ ತೊಂದರೆಗಳು ತಲೆ ಎತ್ತುತ್ತವೆ. ರಾತ್ರಿ ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೂ ಸಿಡುಕು, ಮಳೆ ಸದ್ದಿಗೆ ಎದೆ ಬಡಿತ. ಮಕ್ಕಳು ಮಾತು ಕಡಿಮೆ ಮಾಡುತ್ತಾರೆ, ಕೆಲವರು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಇದು ಹುಚ್ಚಲ್ಲ, ಮನೆ ಕಳೆದುಕೊಂಡ ಮನಸ್ಸಿನ ಸಹಜ ಪ್ರತಿಕ್ರಿಯೆ. ಬಹುಪಾಲು ಜನರಲ್ಲಿ ಕ್ರಮೇಣ ತಾನಾಗಿಯೇ ಇಳಿಯುತ್ತದೆ. ಹಾಗೆ ಇಳಿಯಲು ನೆಮ್ಮದಿಯ ಜಾಗ, ನಂಬಬಹುದಾದ ಮಾಹಿತಿ ಮತ್ತು ಒಂದು ದಿನಚರಿ ಬೇಕು. ಈ ಮೂರನ್ನೂ ಕೊಡಬಲ್ಲ ಸಂಸ್ಥೆ ನಮ್ಮಲ್ಲಿ ಆಗಲೇ ಇದೆ. ಅದೇ ಸಾರ್ವಜನಿಕ ಗ್ರಂಥಾಲಯ.

2009ರಲ್ಲಿ ಉತ್ತರ ಕರ್ನಾಟಕ, 2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು ಕಂಡ ಕಷ್ಟ ನಮಗೆಲ್ಲ ನೆನಪಿದೆ. ಶಾಲೆಗಳೇ ಗಂಜಿ ಕೇಂದ್ರಗಳಾದಾಗ ಮಕ್ಕಳಿಗೆ ಪಾಠವೂ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಗ್ರಂಥಾಲಯವನ್ನು ನೆನೆಯುವವರು ಕಡಿಮೆ. 1965ರ ಕಾಯ್ದೆಯಂತೆ ನಮ್ಮ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ಕಷ್ಟಕಾಲದಲ್ಲಿ ಅದರ ಸೇವೆ ಕೇಳುವುದು ನಮ್ಮ ಹಕ್ಕು.

ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ಜನ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿಯೇ ಪರಿಹಾರದ ಅರ್ಜಿ ತುಂಬಿದರು, ಚದುರಿಹೋದ ಬಂಧುಗಳನ್ನು ಹುಡುಕಿದರು. ನಮ್ಮಲ್ಲಿಯೂ ಅನೇಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿ ಕಂಪ್ಯೂಟರ್ ಪಡೆದಿವೆ. ಪರಿಹಾರದ ಅರ್ಜಿ, ಕಳೆದುಹೋದ ಪಡಿತರ ಚೀಟಿ ಅಥವಾ ಆಧಾರ್ ಪ್ರತಿಗಾಗಿ ಅಲೆಯುವುದೇ ಸಂತ್ರಸ್ತರ ದೊಡ್ಡ ಚಿಂತೆ. ಆ ಚಿಂತೆ ಕಡಿಮೆಯಾದರೆ ರಕ್ತದೊತ್ತಡವೂ ಹತೋಟಿಗೆ ಬಂದೀತು.

ಮೊದಲು ಆಗಬೇಕಾದದ್ದು ಸದಸ್ಯತ್ವದ ನಿಯಮದ ಸಡಿಲಿಕೆ. ವಿಳಾಸದ ದಾಖಲೆ, ಠೇವಣಿ ಕೇಳಿದರೆ, ಮನೆಯೇ ಕೊಚ್ಚಿಹೋದವರು ಏನು ತಂದಾರು? ಹೆಸರು ಬರೆದುಕೊಂಡು ಪುಸ್ತಕ ಕೊಡಲಿ. ನಾಲ್ಕು ಪುಸ್ತಕ ಹಿಂದಿರುಗದಿದ್ದರೆ ನಷ್ಟವೇನೂ ದೊಡ್ಡದಲ್ಲ. ಎರಡನೆಯದಾಗಿ, ದಿನವೂ ಒಂದೇ ಹೊತ್ತಿಗೆ ಮಕ್ಕಳಿಗೆ ಒಂದು ಗಂಟೆ ಕಥೆ, ಚಿತ್ರ ಬರೆಯುವುದು ನಡೆಯಲಿ. ಮೂರನೆಯದಾಗಿ, ಬಾಗಿಲಲ್ಲಿ ಒಂದು ಆರೋಗ್ಯ ಫಲಕವಿರಲಿ. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಿ. ಕೊಳಚೆ ನೀರಲ್ಲಿ ನಡೆದ ಮೇಲೆ ಜ್ವರ ಬಂದರೆ ಇಲಿಜ್ವರವಿರಬಹುದು, ತಡಮಾಡದೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಜೊತೆಗೆ ಆಂಬುಲೆನ್ಸ್‌ಗೆ 108, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416 ಎಂದು ದಪ್ಪಕ್ಷರದಲ್ಲಿ ಬರೆದಿರಲಿ. ಗಾಳಿಸುದ್ದಿಗೆ ಇದೇ ಮದ್ದು.

'ಗ್ರಂಥಾಲಯವೇ ಮುಳುಗಿದರೆ?' ಎಂದು ನೀವು ಕೇಳಬಹುದು. ಆಗ ಗ್ರಂಥಾಲಯವೇ ಗಂಜಿ ಕೇಂದ್ರಕ್ಕೆ ಬರಬೇಕು. ಮಳೆಗಾಲಕ್ಕೆ ಮುಂಚೆಯೇ ಒಂದು ಟ್ರಂಕಿನಲ್ಲಿ ಮಕ್ಕಳ ಪುಸ್ತಕ, ಬಣ್ಣದ ಪೆನ್ಸಿಲು, ಅರ್ಜಿ ನಮೂನೆಗಳನ್ನು ತುಂಬಿ ಎತ್ತರದ ಜಾಗದಲ್ಲಿ ಇಟ್ಟಿದ್ದರೆ ಸಾಕು.

ಗ್ರಂಥಪಾಲಕರು ಮನೋವೈದ್ಯರಲ್ಲ, ಆಗಬೇಕಾಗಿಯೂ ಇಲ್ಲ. ನಡೆದದ್ದನ್ನು ಕೆದಕಿ ಕೇಳದೆ, ತಾವಾಗಿ ಹೇಳಿಕೊಂಡವರ ಮಾತನ್ನು ತಾಳ್ಮೆಯಿಂದ ಕೇಳಿದರೆ ಸಾಕು. ಊಟ, ನಿದ್ದೆ ತೀರಾ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕಳಿಸಬೇಕು. ಇಷ್ಟಕ್ಕೆ ಒಂದು ದಿನದ ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ.

ಮುಂದಿನ ಮಳೆಗಾಲದೊಳಗೆ ನಿಮ್ಮೂರಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಸಂತ್ರಸ್ತರು ಹೊಟ್ಟೆಗೆ ಗಂಜಿ ಸಿಕ್ಕಿದರೆ ಬದುಕುಳಿಯುತ್ತಾರೆ. ಮನಸ್ಸಿಗೂ ಆಸರೆ ಸಿಕ್ಕಿದರೆ ಮತ್ತೆ ಮನೆ ಕಟ್ಟುತ್ತಾರೆ.