ಗಾತ್ರವೀಣೆ

ವೀಣೆಯು ಎರಡು ಬಗೆಯೆಂದು ನಮ್ಮ ಪ್ರಾಚೀನರು ಎಣಿಸಿದ್ದರು. ಮರದಿಂದಾದುದು ದಾರವೀ ವೀಣೆ. ಮನುಷ್ಯನ ಮೈಯೇ ಗಾತ್ರವೀಣೆ. ಈ ವಿಭಾಗವು ನಾರದೀಯ ಶಿಕ್ಷೆಯಲ್ಲಿ ದೊರೆಯುವುದು. ಐತರೇಯ ಆರಣ್ಯಕವಾದರೋ ಶರೀರವನ್ನೇ ದೇವನಿರ್ಮಿತವಾದ ವೀಣೆಯೆಂದು ಕರೆದು, ಮನುಷ್ಯರು ಮಾಡಿಕೊಂಡ ವೀಣೆಯನ್ನು ಅದರ ಅನುಕರಣವೆನ್ನುವುದು. ತಲೆ, ಹೊಟ್ಟೆ, ನಾಲಗೆ, ಬೆರಳು ಇವುಗಳಿಗೆಲ್ಲ ವೀಣೆಯಲ್ಲಿ ಸಾಟಿಯಾದ ಅಂಗಗಳನ್ನು ತೋರಿಸಿಕೊಡುವುದು. ಆ ಕಾಲದ ವೀಣೆಯು ಇಂದಿನದಲ್ಲ, ರೋಮವುಳ್ಳ ಚರ್ಮವನ್ನು ಹೊದಿಸುತ್ತಿದ್ದ ಬೇರೆಯೇ ವಾದ್ಯ. ಆದರೂ ಆ ಹೋಲಿಕೆಯು ಬರಿಯ ಕವಿಸಮಯವಲ್ಲವೆಂಬುದು ವೈಣಿಕರ ಎದುರಿಗೆ ಕುಳಿತು ನೋಡಿದವರಿಗೆ ತಿಳಿಯದಿರದು.

ಚಕ್ಕಳಮಕ್ಕಳ ಹಾಕಿ ಕುಳಿತ ವೈಣಿಕರ ಬಲತೊಡೆಯ ಬದಿಗೆ ಹಲಸಿನ ಮರದ ಕೊಡವು ನೆಲದ ಮೇಲೆ ನಿಲ್ಲುವುದು. ಎಡಗಡೆಯ ಬುರುಡೆಯು ಎಡತೊಡೆಯ ಮೇಲೆ ಒರಗುವುದು. ಎಡತೋಳು ದಂಡಿಯ ಕೆಳಗಿನಿಂದ ಬಳಸಿ ಬಂದು ತೋರುಬೆರಳು ನಡುಬೆರಳುಗಳನ್ನು ಮೆಟ್ಟಿಲುಗಳ ಮೇಲೆ ಇರಿಸುವುದು. ಬಲಗೈಯ ಅವೇ ಎರಡು ಬೆರಳುಗಳು ಮೀಟುತ್ತಿರಲು, ಕಿರುಬೆರಳು ಮೂರು ತಾಳದ ತಂತಿಗಳನ್ನು ನೋಡಿಕೊಳ್ಳುವುದು. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳು ಸ್ವರಸ್ಥಾನಗಳನ್ನು ನಿಲ್ಲಿಸಿರುವುವೇ ಹೊರತು ರಾಗವನ್ನು ನಿಲ್ಲಿಸಿಲ್ಲ. ತಂತಿಯನ್ನು ಮೆಟ್ಟಿಲಿನ ಮೇಲೆಯೇ ಪಕ್ಕಕ್ಕೆಳೆದರೆ ಬಿಗಿತವೇರಿ ಸ್ವರವೂ ಏರುವುದು. ಎಷ್ಟು ಎಳೆಯಬೇಕೆಂಬುದಕ್ಕೆ ಗುರುತೆಲ್ಲಿದೆ? ತೋಡಿಯ ಗಾಂಧಾರವು ತೂಗಾಡುವ ಪರಿಯನ್ನು ಯಾವ ಬಡಗಿಯೂ ಮರದಲ್ಲಿ ಕೆತ್ತಲಾರನು. ಅದು ಬೆರಳ ತುದಿಯಿಂದ ಭುಜದವರೆಗೂ ವರ್ಷಗಟ್ಟಲೆ ಕೂಡಿಟ್ಟ ಅರಿವು. ವೈಣಿಕರ ಒಳಗೆ ಮೌನವಾಗಿ ಹಾಡುತ್ತಿರುವ ಕಂಠವೊಂದು ಆ ಬೆರಳನ್ನು ನಡಸುತ್ತಿರುವುದು.

ಪಿಟೀಲಿನ ವಿಷಯವು ಇನ್ನೂ ಸ್ವಾರಸ್ಯವಾದುದು. ಇದು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಇದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಪಾಶ್ಚಾತ್ಯ ವಾದಕರು ಅದನ್ನು ಗದ್ದಕ್ಕೂ ಭುಜಕ್ಕೂ ನಡುವೆ ಹಿಡಿಯುವರು. ನಮ್ಮವರು ನೆಲದ ಮೇಲೆ ಕುಳಿತು, ಒಂದು ಕೊನೆಯನ್ನು ಎದೆಗೆ ಆನಿಸಿ, ಸುರುಳಿಯಂತಿರುವ ಇನ್ನೊಂದು ಕೊನೆಯನ್ನು ಬಲಗಾಲಿನ ಹರಡಿನ ಮೇಲೆ ಇರಿಸಿಕೊಂಡರು. ವಾದ್ಯವು ಹೀಗೆ ಎರಡು ಕಡೆಗಳಲ್ಲಿಯೂ ನೆಲೆನಿಂತುದರಿಂದ ಎಡಗೈಗೆ ಅದನ್ನು ಹೊರುವ ಕೆಲಸವೇ ತಪ್ಪಿತು. ಆ ಕೈಯು ತಂತಿಯ ಉದ್ದಕ್ಕೂ ಜಾರುತ್ತ ಗಮಕಗಳನ್ನು ನುಡಿಸುವುದಕ್ಕೆ ಸ್ವತಂತ್ರವಾಯಿತು. ವಾದ್ಯದ ಮರವನ್ನು ಯಾರೂ ಕೆತ್ತಿ ಬದಲಾಯಿಸಲಿಲ್ಲ; ಮೈಯ ನಿಲುವು ಬದಲಾಯಿತು, ವಾದ್ಯವು ನಮ್ಮದಾಯಿತು.

ಇಷ್ಟನ್ನು ಬರೆಯುವುದಕ್ಕೆ ಕಾರಣವುಂಟು. ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಹನ್ನೆರಡು ವರ್ಷದ ಮಗಳು ವೀಣೆಗೆ ಕುಳಿತ ಅರ್ಧಗಂಟೆಯೊಳಗೆ ಮಣಿಕಟ್ಟು ನೋಯುವುದೆಂದು ಅಳುವಳಂತೆ. ವಿದ್ಯೆಯೆಂಬುದು ತಪಸ್ಸು, ಸಹಿಸಿಕೊಳ್ಳಲಿ ಎಂದು ಮನೆಯ ಹಿರಿಯರ ಮತ. ಹುಡುಗಿಯು ವೀಣೆಯನ್ನೇ ಬಿಟ್ಟುಬಿಡುವಳೋ ಎಂದು ತಾಯಿಯ ಭಯ.

ತಾಯೇ, ನೋವುಗಳಲ್ಲಿ ಎರಡು ಜಾತಿ. ತಂತಿಯ ಒತ್ತಿಗೆ ಬೆರಳ ತುದಿಯು ಉರಿಯುವುದು ಮೊದಲನೆಯದು. ಅದು ಎಲ್ಲರಿಗೂ ಬರುವುದು. ಚರ್ಮವು ಜಡ್ಡುಗಟ್ಟಿದ ಮೇಲೆ ಶಮನವಾಗುವುದು. ಬೆರಳಿಗೆ ಎಣ್ಣೆಯ ಪಸೆ ಹಚ್ಚಿಕೊಂಡು ನುಡಿಸುವ ರೂಢಿಯೂ ಇದೆ. ಇದನ್ನು ಸಹಿಸೆಂದು ಹೇಳಬಹುದು. ಮಣಿಕಟ್ಟು ಮುಂಗೈಗಳ ಸೆಳೆತ, ಬೆರಳುಗಳ ಜೋಮು, ಇವು ಎರಡನೆಯ ಜಾತಿ. ಇವನ್ನು ತಪಸ್ಸೆನ್ನುವುದು ಅನ್ಯಾಯ. ಅಮೆರಿಕದ ಪಿಯಾನೋ ವಾದಕರಾದ ಲಿಯಾನ್ ಫ್ಲೈಷರ್ (1928–2020) ಅವರಿಗೆ 1960ರ ದಶಕದಲ್ಲಿ ಬಲಗೈಯ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳತೊಡಗಿದುವು. ಎಡಗೈಗೆಂದೇ ರಚಿತವಾದ ಕೃತಿಗಳಿಂದ ಅವರು ಬಹುಕಾಲ ತೃಪ್ತರಾಗಬೇಕಾಯಿತು. ಒಂದೇ ಚಲನೆಯ ಅತಿಯಾದ ಆವರ್ತನವು ಇಂತಹ ವ್ಯಾಧಿಗೆ ಒಂದು ಕಾರಣವೆಂದು ವೈದ್ಯರ ಅಭಿಪ್ರಾಯ. ಮಗುವಿಗೆ ಅದೇ ವ್ಯಾಧಿಯೆಂದು ನಾವು ಹೇಳುತ್ತಿಲ್ಲ, ಹೆದರಬೇಡಿ. ಮೈಯ ದೂರನ್ನು ಕೇಳಬೇಕೆಂದಷ್ಟೇ ನಮ್ಮ ಮಾತು.

ಶಾಸ್ತ್ರವು ಹಿರಿಯರ ಕಡೆಗಿದೆಯೆಂದು ತಿಳಿಯಬೇಕಾಗಿಯೂ ಇಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಸ್ವರಗಳನ್ನು ವಿವರಿಸುವುದಕ್ಕೆ ಮೊದಲು ಪಿಂಡೋತ್ಪತ್ತಿಯೆಂಬ ಪ್ರಕರಣವನ್ನಿಟ್ಟು ದೇಹದ ರಚನೆಯನ್ನೇ ವರ್ಣಿಸಿರುವನು. ಗಾಯಕರ ದೋಷಗಳನ್ನು ಎಣಿಸುವಾಗ ಕೊರಳನ್ನು ಸೊಟ್ಟಗೆ ಮಾಡುವವನು, ನರಗಳು ಉಬ್ಬುವಂತೆ ಹಾಡುವವನು, ಮೈಕೈಗಳನ್ನು ಚಾಚುವವನು ಇವರನ್ನೆಲ್ಲ ಹೆಸರಿಟ್ಟು ನಿಂದಿಸಿರುವನು. (ಕಣ್ಣು ಮುಚ್ಚಿ ಹಾಡುವವನೂ ಆ ಪಟ್ಟಿಯಲ್ಲಿರುವನು, ಇಂದಿನ ಕಚೇರಿಗಳಲ್ಲಿ ಎಷ್ಟು ಮಂದಿ ಉಳಿದಾರೋ!) ಗಾಯಕರಿಗೆ ಹೇಳಿದುದು ವಾದಕರಿಗೂ ಸಲ್ಲತಕ್ಕುದೆಂದು ನಾವು ಭಾವಿಸುತ್ತೇವೆ.

ಬಲದಿಂದ ಮೀಟಿದರೆ ನಾದ ಹೆಚ್ಚೀತೆಂಬ ಭ್ರಮೆಯೂ ಉಂಟು. ಧ್ವನಿವರ್ಧಕಗಳು ವಿರಳವಾಗಿದ್ದ ಕಾಲದಲ್ಲಿ ಪಿಟೀಲು ಚೌಡಯ್ಯನವರು (1895–1967) ಕೊನೆಯ ಸಾಲಿಗೂ ಕೇಳಿಸಲೆಂದು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಉಪಾಯವನ್ನು ವಾದ್ಯದಲ್ಲಿ ಹುಡುಕಿದರು.

ಆದುದರಿಂದ ತಾಯಿಯವರು ಮೊದಲು ವೀಣೆಯ ಅಳತೆಯನ್ನು ನೋಡಲಿ. ದೊಡ್ಡವರ ವೀಣೆಯಾದರೆ ಮಗುವಿನ ತೋಳು ದಂಡಿಯನ್ನು ಬಳಸಲಾರದೆ ಮಣಿಕಟ್ಟು ಮುರಿದಂತೆ ಬಾಗುವುದು; ಚಿಕ್ಕ ವೀಣೆಯನ್ನು ಒದಗಿಸಬೇಕು. ಮೆಟ್ಟಿಲುಗಳನ್ನು ನೋಡಲು ಅವಳು ಕತ್ತು ಬಗ್ಗಿಸುವಳೋ, ಭುಜವನ್ನು ಎತ್ತಿಕೊಂಡಿರುವಳೋ ಎಂಬುದನ್ನು ಗುರುಗಳ ಎದುರಿನಲ್ಲಿಯೇ ವಿನಯದಿಂದ ಕೇಳಿರಿ; ಒಳ್ಳೆಯ ಗುರುಗಳು ಇದಕ್ಕೆ ಮುನಿಯರು. ಒಂದು ಗಂಟೆಯ ಸಾಧಕವನ್ನು ಇಪ್ಪತ್ತು ನಿಮಿಷದ ಮೂರು ಭಾಗ ಮಾಡಿ, ನಡುನಡುವೆ ಹುಡುಗಿಯು ಎದ್ದು ಓಡಾಡಲಿ, ಪಾಠವನ್ನು ಬಾಯಿಯಲ್ಲಿ ಹಾಡಿಕೊಳ್ಳಲಿ. ಎರಡು ವಾರಗಳಲ್ಲಿ ನೋವು ಇಳಿಯದಿದ್ದರೆ, ಇಲ್ಲವೆ ಬೆರಳು ಜೋಮು ಹಿಡಿದರೆ ಕೂಡಲೇ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಅಲ್ಲಿಯವರೆಗೆ ವೀಣೆಗೆ ಮುಸುಕು ಹಾಕಿದ್ದರೂ ಹಾಡುವುದನ್ನು ನಿಲ್ಲಿಸಬೇಕಾಗಿಲ್ಲ.