ನಡಿಗೆಯ ತಂಗುದಾಣ ಎಲ್ಲರದಾಗಲಿ

ರಜಾ ದಿನಗಳಲ್ಲಿ ಗುಂಪುಗೂಡಿ ಬೆಟ್ಟಬಯಲುಗಳಲ್ಲಿ ನಡೆಯಲು ಹೊರಡುವ ಪರಿಪಾಠ ನಮ್ಮ ಜಿಲ್ಲೆಯಲ್ಲಿ ಬೇರೂರುತ್ತಿರುವುದು ಸಂತೋಷದ ಸಂಗತಿ. ಮುಂಜಾನೆ ಚಿತ್ರದುರ್ಗದ ಕೋಟೆಯನ್ನು ಏರಿ ಇಳಿಯುವವರು ಹಿಂದಿನಿಂದಲೂ ಇದ್ದಾರೆ. ಈಗ ಜೋಗಿಮಟ್ಟಿಯ ಕಾಡಿಗೂ ಚಂದ್ರವಳ್ಳಿಯ ಬಂಡೆಗಳ ನಡುವಿಗೂ ಹಿರಿಯೂರಿನ ಮಾರಿಕಣಿವೆಗೂ ಹೊಸದುರ್ಗ, ಹೊಳಲ್ಕೆರೆಗಳ ತೋಟದ ದಾರಿಗಳಿಗೂ ತಂಡಗಳು ಹೊರಡುತ್ತಿವೆ. ನಮ್ಮ ಕುಟುಂಬಗಳ ಯುವಕ ಯುವತಿಯರೂ ಇವುಗಳಲ್ಲಿ ಸೇರಿದ್ದಾರೆ.

ನಡಿಗೆಯನ್ನು ಕೇವಲ ದೇಹದ ವ್ಯಾಯಾಮವೆಂದು ಎಣಿಸುವುದು ಸರಿಯಲ್ಲ. ಅರಿಸ್ಟಾಟಲನ ಶಿಷ್ಯಪರಂಪರೆಗೆ ‘ನಡೆದಾಡುವವರು’ ಎಂಬ ಹೆಸರೇ ನಿಂತಿತು. ಕಾಲ್ನಡಿಗೆಯಲ್ಲಿ ಅಧಿಕಾರಿಗೂ ಗುಮಾಸ್ತನಿಗೂ ಒಂದೇ ಬಿಸಿಲು, ಒಂದೇ ಏರು. ನಡೆದು ಹೋದವನಿಗೆ ನೆಲವೂ ತನ್ನ ಕಥೆಯನ್ನು ಹೇಳುತ್ತದೆ. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಒಂದು ಕೆರೆಯ ವಿಷಯವನ್ನು ಸಾರುತ್ತದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ಅದನ್ನು ಕಾಣಲು ಜನ ತಂಡತಂಡವಾಗಿ ಹೋದರು. ನೀರಿಗಾಗಿ ತಲೆಮಾರುಗಳ ಕಾಲ ಕಾದ ಸೀಮೆಯಿದು ಎಂಬುದು ಆ ಏರಿಯ ಮೇಲೆ ನಿಂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ನಡಿಗೆಯ ಕೊನೆಯಲ್ಲಿ ಬರುವ ವಿಶ್ರಾಂತಿಯ ಬಗ್ಗೆ ಒಂದು ಮಾತು ಹೇಳಲೇಬೇಕಾಗಿದೆ. ಬೆಳಗಿನಿಂದ ಒಟ್ಟಿಗೆ ನಡೆದ ತಂಡ ಹಿಂತಿರುಗುವಾಗ ಹೆದ್ದಾರಿಯ ಬದಿಯ ಬಾರಿನ ಮುಂದೆ ನಿಲ್ಲುವ ವಾಡಿಕೆ ಅಲ್ಲಲ್ಲಿ ಬೆಳೆಯುತ್ತಿದೆ. ಕೆಲವರು ಒಳಗೆ ಹೋಗುತ್ತಾರೆ. ಹೆಂಗಸರು, ಮಕ್ಕಳು, ಕುಡಿಯದ ಹಿರಿಯರು ವಾಹನದಲ್ಲಿ ಕಾಯುತ್ತಾ ಕೂರುತ್ತಾರೆ. ಹೀಗೆ ಕಾದು ಬೇಸತ್ತವರು ಮುಂದಿನ ಸಲ ಮನೆಯಲ್ಲೇ ಉಳಿಯುತ್ತಾರೆ. ಎಲ್ಲರಿಗಾಗಿ ಆರಂಭವಾದ ನಡಿಗೆ ವರ್ಷ ಕಳೆಯುವುದರೊಳಗೆ ಕೆಲವೇ ಗಂಡಸರ ಕೂಟವಾಗುತ್ತದೆ. ಯಾರೂ ಯಾರನ್ನೂ ಹೊರಹಾಕಿರುವುದಿಲ್ಲ. ಆದರೂ ಹೊರಗುಳಿದವರು ಇದ್ದೇ ಇರುತ್ತಾರೆ.

ಇಲ್ಲಿ ನಮ್ಮ ಮಾತನ್ನು ತಪ್ಪಾಗಿ ತಿಳಿಯಬಾರದು. ವಿನೋದವನ್ನು ನಾವು ವಿರೋಧಿಸುವವರಲ್ಲ. ದಣಿದ ದೇಹಕ್ಕೆ ನಿದ್ರೆ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕೆಂದು ಬೋಧಿಸಿದ ಸಂತ ತೋಮಾಸ್ ಅಕ್ವಿನಾಸರು, ತಾನೂ ನಗದೆ ಇತರರ ನಗುವಿಗೂ ಅಡ್ಡಬರುವುದನ್ನು ದೋಷವೆಂದೇ ಎಣಿಸಿದರು. ದ್ರಾಕ್ಷಾರಸವನ್ನು ಕುಡಿಯುವುದು ತನ್ನಷ್ಟಕ್ಕೆ ಪಾಪವಲ್ಲ ಎಂದೂ ಅವರು ತೀರ್ಮಾನಿಸಿದ್ದಾರೆ. ಆದರೆ ಕುಡಿಯುವವನು ಯಾರು, ಎಷ್ಟು ಕುಡಿಯುತ್ತಾನೆ, ಅದರಿಂದ ಜೊತೆಯವರಿಗೆ ಏನಾಗುತ್ತದೆ ಎಂಬುದನ್ನು ನೋಡದೆ ಅವರು ತೀರ್ಪು ಕೊಡಲಿಲ್ಲ. ನಮ್ಮ ವಿಚಾರವೂ ಈ ಸನ್ನಿವೇಶವನ್ನು ಕುರಿತದ್ದೇ.

ಇಂಗ್ಲೆಂಡಿನಲ್ಲಿ ಇಂತಹ ನಡಿಗೆಗಳು ಹಳ್ಳಿಯ ಪಬ್ಬಿನಲ್ಲಿ ಮುಗಿಯುವುದಿಲ್ಲವೇ ಎಂದು ಯುವಕರು ಕೇಳಬಹುದು. ನಿಜ. ಅಲ್ಲಿನ ಜನ ನಡೆಯುವ ಹಕ್ಕಿಗಾಗಿ ಹೋರಾಡಿದವರು. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕರು ನಿಷೇಧವನ್ನು ಮೀರಿ ಕಿಂಡರ್ ಸ್ಕೌಟ್ ಬೆಟ್ಟವನ್ನೇರಿದರು. ಕೆಲವರು ಸೆರೆಮನೆ ಕಂಡರು. 1935ರಲ್ಲಿ ನಡಿಗೆಗಾರರ ರಾಷ್ಟ್ರೀಯ ಸಂಘ ಹುಟ್ಟಿತು. ಅವರ ಪಬ್ಬೆಂದರೆ ‘ಸಾರ್ವಜನಿಕರ ಮನೆ’ ಎಂದೇ ಅರ್ಥ. ಅಲ್ಲಿ ಊಟ ಸಿಗುತ್ತದೆ, ಕುಟುಂಬ ಸಮೇತ ಕೂರಬಹುದು, ಕುಡಿಯದವನು ಚಹಾ ತರಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಹೆದ್ದಾರಿಯ ಮಬ್ಬುಗತ್ತಲೆಯ ಬಾರಿಗೂ ಅದಕ್ಕೂ ಹೋಲಿಕೆ ಎಲ್ಲಿ? ಹೆಸರನ್ನು ಎರವಲು ತಂದವರು ಅದರ ಅರ್ಥವನ್ನು ಅಲ್ಲಿಯೇ ಬಿಟ್ಟು ಬಂದಂತಾಗಿದೆ.

ನಿಜಕ್ಕೂ ಆ ಅರ್ಥ ನಮಗೆ ಹೊಸದೇನೂ ಅಲ್ಲ. ನಡೆದು ಬಂದವರ ಬಾಯಾರಿಕೆ ತಣಿಸಲು ಅರವಟ್ಟಿಗೆ ಇಡುತ್ತಿದ್ದ ನಾಡು ನಮ್ಮದು. ದಾರಿಯಲ್ಲಿ ಸಾಲುಮರ, ಮರದ ಬುಡಕ್ಕೆ ಕಟ್ಟೆ, ಊರಿಗೊಂದು ಛತ್ರ ಇರುತ್ತಿದ್ದವು. ಅರವಟ್ಟಿಗೆಯ ನೀರುಮಜ್ಜಿಗೆಯನ್ನೂ ಪಾನಕವನ್ನೂ ಒಬ್ಬರು ಒಳಗೆ ಕುಳಿತು ಕುಡಿಯುವಾಗ ಇನ್ನೊಬ್ಬರು ಹೊರಗೆ ಕಾಯಬೇಕಾಗಿರಲಿಲ್ಲ. ಈ ಗುಣವೇ ತಂಗುದಾಣದ ಲಕ್ಷಣ.

ಸಂತ ಲೂಕನ ಶುಭಸಂದೇಶದ ಎಮ್ಮಾವುಸಿನ ದಾರಿಯೂ ಇದನ್ನೇ ನೆನಪಿಸುತ್ತದೆ. ಸುಮಾರು 11 ಕಿಲೋಮೀಟರ್ ನಡೆದ ಇಬ್ಬರು ಶಿಷ್ಯರು, ಜೊತೆಗೂಡಿದ ಅಪರಿಚಿತನನ್ನು ಕತ್ತಲಲ್ಲಿ ಮುಂದೆ ಹೋಗಗೊಡದೆ ತಮ್ಮೊಡನೆ ಉಳಿಸಿಕೊಂಡರು. ನಡಿಗೆಯಲ್ಲಿ ತಿಳಿಯದೆ ಹೋದದ್ದು ಅವರಿಗೆ ಒಟ್ಟಿಗೆ ಉಂಡಾಗ ತಿಳಿಯಿತು.

ಮರಳುವ ದಾರಿಯ ಅಪಾಯವನ್ನೂ ಮರೆಯುವಂತಿಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳ ಮೂಲಕವೇ ಹಾಯುತ್ತದೆ. ಹೆದ್ದಾರಿಯಂಚಿನ ಮದ್ಯದಂಗಡಿಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಆದೇಶ ಕೊಟ್ಟದ್ದು ಕುಡಿದು ಓಡಿಸುವವರಿಂದಾಗುವ ಸಾವುಗಳನ್ನು ಕಂಡೇ. ಆ ಆದೇಶ ಮುಂದೆ ಪಟ್ಟಣಗಳ ಮಟ್ಟಿಗೆ ಸಡಿಲವಾಯಿತು. ಅಪಾಯ ಮಾತ್ರ ಸಡಿಲವಾಗಲಿಲ್ಲ. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವಿದ್ದು ವಾಹನ ಓಡಿಸಿದರೆ ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 2019ರ ತಿದ್ದುಪಡಿಯಂತೆ 10,000 ರೂಪಾಯಿ ದಂಡ, ಅಥವಾ ಎರಡನ್ನೂ ಕಾನೂನು ವಿಧಿಸುತ್ತದೆ. ಇದಕ್ಕಿಂತ ದೊಡ್ಡ ದಂಡವನ್ನು ತೆರುವವರು ಮನೆಯಲ್ಲಿ ಕಾದು ಕುಳಿತವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಿಟ್ಟುಸಿರು ಬಿಟ್ಟ ತಾಯಂದಿರನ್ನು ಕೇಳಿದರೆ, ಈ ಮಾತಿಗೆ ಬೇರೆ ವಿವರಣೆ ಬೇಕಾಗದು.

ಆದುದರಿಂದ ತಂಡಗಳನ್ನು ಕಟ್ಟುವವರಲ್ಲಿ ನಮ್ಮ ಸಲಹೆ ಇಷ್ಟು. ಎಲ್ಲಿಗೆ ನಡಿಗೆ ಎಂಬುದರ ಜೊತೆಗೆ ಎಲ್ಲಿ ತಂಗುವುದು ಎಂಬುದನ್ನೂ ಮೊದಲೇ ತಿಳಿಸಿರಿ. ಸ್ತ್ರೀಯರೂ ಮಕ್ಕಳೂ ನಿಸ್ಸಂಕೋಚವಾಗಿ ಕೂರಬಲ್ಲ, ಅವರಿಗೆ ಬೇಕಾದ ಸೌಕರ್ಯವಿರುವ ಹೋಟೆಲನ್ನೇ ಆರಿಸಿರಿ. ಹೋಟೆಲಿಲ್ಲದ ಕಡೆ ಮನೆಯಿಂದ ತಂದ ಬುತ್ತಿ ಇದೆ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇವೆ. ಎಳನೀರಿಗೆ ನಮ್ಮ ತೆಂಗಿನ ಸೀಮೆಯಲ್ಲಿ ಬರವಿಲ್ಲ. ಜೋಗಿಮಟ್ಟಿಯಂತಹ ಕಾಡಿಗೆ ಬಾಟಲಿ ಒಯ್ಯುವುದು ಬೇಡ. ಅಲ್ಲಿ ಒಡೆದ ಗಾಜು ದನ ಕಾಯುವ ಹುಡುಗನ ಕಾಲಿಗೂ ಕಾಡುಪ್ರಾಣಿಯ ಕಾಲಿಗೂ ಚುಚ್ಚುತ್ತದೆ. ತಂದೆತಾಯಿಗಳೂ ಮಕ್ಕಳನ್ನು ತಡೆಯುವುದರ ಬದಲು ತಾವೇ ಜೊತೆಗೆ ಹೊರಡಲಿ.

ನಡಿಗೆಯಲ್ಲಿ ಬಲ್ಲವರು ಅನುಸರಿಸುವ ಒಂದು ನಿಯಮವಿದೆ: ತಂಡದ ವೇಗವನ್ನು ಎಲ್ಲರಿಗಿಂತ ಹಿಂದೆ ಬರುವವನು ನಿರ್ಧರಿಸಬೇಕು. ತಂಗುದಾಣವನ್ನು ಆರಿಸುವಾಗಲೂ ಈ ನಿಯಮವನ್ನೇ ಪಾಲಿಸುವುದು ಲೇಸು.